ಶ್ರುತಿಪೆಟ್ಟಿಗೆಯ ರಿಪೇರಿ: ಫೋನು ಹಸಿರು ತೋರಿಸಿದ ಮೇಲೂ ಉಳಿದ ಅಲುಗಾಟ

ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ಉಡುಪಿಯ ಆಸುಪಾಸಿನಲ್ಲಿ ತಾಳಮದ್ದಳೆಯ ಕಾಲ. ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಹಾಡು, ಚೆಂಡೆ, ಮದ್ದಳೆ, ಅರ್ಥಧಾರಿಗಳ ಮಾತು, ಹೊರಗೆ ಮಳೆ. ಇಷ್ಟರಲ್ಲೇ ಪ್ರಸಂಗ ನಡೆಯಬೇಕಾದಾಗ ಶ್ರುತಿ ಕೆಟ್ಟರೆ ಅದನ್ನು ಮರೆಮಾಚಲು ಏನೂ ಇರುವುದಿಲ್ಲ. ಕಲ್ಯಾಣಪುರದ ಕಡೆಯ ಒಂದು ಸಂಘದವರು ಹಾಡಿಗೆ ಆಧಾರಸ್ವರ ಹಿಡಿದುಕೊಡುವ ತಮ್ಮ ಹಳೆಯ ಕೈತಿದಿಯ ಶ್ರುತಿಪೆಟ್ಟಿಗೆಯನ್ನು ನನ್ನ ಮೇಜಿನ ಮೇಲಿಟ್ಟು ಹೋದದ್ದು ಹೀಗೆ. ದೂರು ಎರಡು. ಗಾಳಿ ನಿಲ್ಲುವುದಿಲ್ಲ, ಷಡ್ಜ (ಸ), ಪಂಚಮ (ಪ) ಎರಡನ್ನೂ ತೆರೆದರೆ ನಾದ ಒಂದೇ ಸಮ ನಿಲ್ಲದೆ ‘ವಾಂವ್ ವಾಂವ್’ ಎಂದು ಅಲುಗುತ್ತದೆ.

ಅವರ ಬಳಿ ಇಲೆಕ್ಟ್ರಾನಿಕ್ ಪೆಟ್ಟಿಗೆಯೂ ಇದೆ. ಆದರೆ ಭಾಗವತರಿಗೆ ರೀಡಿನ ನಾದವೇ ಬೇಕು. ಅದು ಬರಿಯ ಹಠವಲ್ಲ, ಅದಕ್ಕೊಂದು ಭೌತವಿಜ್ಞಾನದ ಕಾರಣವಿದೆ ಎಂಬುದು ಈ ಕೆಲಸದ ನಡುವೆ ನನಗೆ ಇನ್ನಷ್ಟು ಖಚಿತವಾಯಿತು.

ಬಿಚ್ಚಿದಾಗ ಕಂಡದ್ದು

ಪೆಟ್ಟಿಗೆಯಲ್ಲಿ, ಹಾರ್ಮೋನಿಯಂನ ಬಿಳಿ ಕಪ್ಪು ಮನೆಗಳ ಲೆಕ್ಕದಲ್ಲಿ ಹೇಳುವುದಾದರೆ, ಬಿಳಿ 1ರಿಂದ ಮೇಲಿನ ಬಿಳಿ 1ರವರೆಗೆ 13 ರೀಡುಗಳು, ಪ್ರತಿಯೊಂದಕ್ಕೂ ತಿರುಗಿಸುವ ಒಂದು ಗುಂಡಿ. ಒಂದು ಬದಿಯ ಹಲಗೆಯನ್ನು ಕೈಯಿಂದ ಅದುಮಿದರೆ ಗಾಳಿ ಒಳಗೆ ಹೋಗುತ್ತದೆ. ಇನ್ನೊಂದು ಬದಿಯಲ್ಲಿ ಸ್ಪ್ರಿಂಗ್ ಇಟ್ಟ ಸಂಗ್ರಹದ ತಿದಿ. ಕೈ ಬಿಟ್ಟ ಗಳಿಗೆಯಲ್ಲೂ ಒತ್ತಡ ಬೀಳದಂತೆ ನೋಡಿಕೊಳ್ಳುವುದು ಈ ಎರಡನೆಯ ತಿದಿ. ಎರಡರ ನಡುವೆ ಗಾಳಿ ಹಿಂದಕ್ಕೆ ಬಾರದಂತೆ ತೆಳು ಚರ್ಮದ ಕವಾಟಗಳು.

ರೀಡು ಎಂದರೆ ಹಿತ್ತಾಳೆಯ ತಟ್ಟೆಯಲ್ಲಿ ಉದ್ದನೆಯ ಒಂದು ಸೀಳು, ಆ ಸೀಳಿಗಿಂತ ಕೂದಲೆಳೆಯಷ್ಟು ಕಿರಿದಾದ ಒಂದು ಹಿತ್ತಾಳೆಯ ನಾಲಗೆ. ನಾಲಗೆಯ ಬುಡ ರಿವೆಟ್ಟಿನಿಂದ ತಟ್ಟೆಗೆ ಬಿಗಿದಿರುತ್ತದೆ, ತುದಿ ತಟ್ಟೆಯಿಂದ ಒಂದಿಷ್ಟು ಮೇಲೆದ್ದಿರುತ್ತದೆ. ಗಾಳಿ ನುಗ್ಗಿದಾಗ ನಾಲಗೆ ಸೀಳಿನೊಳಕ್ಕೆ ಬಾಗುತ್ತದೆ, ದಾರಿ ಮುಚ್ಚುತ್ತದೆ, ತನ್ನ ಬಿಗುವಿನಿಂದಲೇ ಹಿಂದಕ್ಕೆ ಚಿಮ್ಮುತ್ತದೆ, ದಾರಿ ತೆರೆಯುತ್ತದೆ. ಇದು ಕಪ್ಪು 2ರಲ್ಲಿ ಸೆಕೆಂಡಿಗೆ ಸುಮಾರು 155 ಸಲ ನಡೆಯುತ್ತದೆ. ನಮಗೆ ಕೇಳುವ ನಾದ ಹಿತ್ತಾಳೆಯ ಅದುರಾಟದ್ದಲ್ಲ. ಕತ್ತರಿಸಿ ಕತ್ತರಿಸಿ ಹೊರಬರುವ ಗಾಳಿಯ ತುಣುಕುಗಳದ್ದು. ನಂಬಿಕೆ ಬಾರದಿದ್ದರೆ ರೀಡನ್ನು ಹೊರತೆಗೆದು ಉಗುರಿನಿಂದ ಮೀಟಿ ನೋಡಬಹುದು. ‘ಟಿಣ್’ ಎಂಬ ಸಣ್ಣ ಸದ್ದು, ಕಿವಿಯ ಹತ್ತಿರ ಹಿಡಿದರೆ ಮಾತ್ರ ಕೇಳುವಷ್ಟು. ಅದೇ ನಾಲಗೆ ಗಾಳಿಯ ದಾರಿಯಲ್ಲಿ ಕುಳಿತರೆ ಚಾವಡಿ ತುಂಬುತ್ತದೆ.

ಕದ್ರಿ ಗೋಪಾಲನಾಥರ ಸ್ಯಾಕ್ಸೊಫೋನಿನಲ್ಲೂ ರೀಡು ಇತ್ತು. ಆದರೆ ಅದರ ಬಗೆ ಬೇರೆ. ಅಲ್ಲಿ ಸ್ವರವನ್ನು ನಿರ್ಧರಿಸುವುದು ಮುಖ್ಯವಾಗಿ ಕೊಳವೆಯೊಳಗಿನ ಗಾಳಿಕಂಬದ ಉದ್ದ. ಬೆರಳು ಎತ್ತಿದರೆ ಉದ್ದ ಬದಲಾಗುತ್ತದೆ, ಒಂದೇ ರೀಡು ಎಲ್ಲ ಸ್ವರಗಳನ್ನೂ ನುಡಿಯುತ್ತದೆ. ಶ್ರುತಿಪೆಟ್ಟಿಗೆಯಲ್ಲಿ ಕೊಳವೆ ಇಲ್ಲ. ಪ್ರತಿ ಸ್ವರಕ್ಕೂ ಅದರದೇ ನಾಲಗೆ. ಇದರಿಂದ ಒಂದು ಲಾಭವಿದೆ. ಗಾಳಿಯಲ್ಲಿ ಶಬ್ದದ ವೇಗ 0 ಡಿಗ್ರಿಯಲ್ಲಿ ಸೆಕೆಂಡಿಗೆ 331 ಮೀಟರ್, 30 ಡಿಗ್ರಿಯಲ್ಲಿ ಸುಮಾರು 349. ಪ್ರತಿ ಡಿಗ್ರಿಗೆ 0.6 ಮೀಟರಿನಷ್ಟು ಏರಿಕೆ. ಕೊಳಲಿನ ಒಳಗಿನ ಗಾಳಿ 24 ಡಿಗ್ರಿಯಿಂದ 32ಕ್ಕೆ ಬಿಸಿಯಾದರೆ ಅದರ ಶ್ರುತಿ ಒಂದು ಅರ್ಧಸ್ವರದ (ಪಕ್ಕಪಕ್ಕದ ಎರಡು ಮನೆಗಳ ನಡುವಿನ ಅಂತರದ) ಕಾಲುಭಾಗದಷ್ಟು ಏರಿಬಿಡುತ್ತದೆ. ಹಿತ್ತಾಳೆಯ ನಾಲಗೆಗೆ ಶಬ್ದದ ಈ ವೇಗದ ಹಂಗಿಲ್ಲ. ಜನ ತುಂಬಿ ಸೆಖೆಯಾದ ಚಾವಡಿಯಲ್ಲೂ ಅದು ಬಹುಮಟ್ಟಿಗೆ ಇದ್ದಲ್ಲೇ ಇರುತ್ತದೆ.

ಆದರೆ ಹಿತ್ತಾಳೆಗೆ ಬೇರೆ ಶತ್ರುಗಳಿವೆ. ಕಡಲು ಹತ್ತಿರ. ಒಳಗೆ ಹೆಚ್ಚಿನ ರೀಡುಗಳ ಮೇಲೆ ಹಸಿರು ಕಿಲುಬು ಕೂತಿತ್ತು. ತಳದ ಹಲಗೆ ಮಳೆಗಾಲದ ತೇವಕ್ಕೆ ಉಬ್ಬಿ, ಎರಡು ಗುಂಡಿಗಳು ಪೂರ್ತಿ ಮುಚ್ಚಿಕೊಳ್ಳುತ್ತಿರಲಿಲ್ಲ. ಹಿಂದೆ ಯಾರೋ ತಿದಿಯ ಮಡಿಕೆಗಳ ಮೇಲೆ ಬಿಳಿ ಅಂಟನ್ನು ದಪ್ಪಗೆ ಬಳಿದಿದ್ದರು. ಅದು ಗಟ್ಟಿಯಾಗಿ, ಮಡಿಕೆ ಮಡಿಯುವಲ್ಲೆಲ್ಲ ಸೀಳುಬಿಟ್ಟಿತ್ತು.

ಮೊದಲು ಗಾಳಿ

ಗಾಳಿ ಸೋರುವ ಪೆಟ್ಟಿಗೆಯಲ್ಲಿ ಶ್ರುತಿ ಮಾಡಲು ಕೂರುವುದು ವ್ಯರ್ಥ. ಈ ಜಾತಿಯ ರೀಡಿನ ಸ್ವರ ಒತ್ತಡ ಏರಿದಂತೆ ತುಸು ಇಳಿಯುತ್ತದೆ. ಒತ್ತಡ ಏರುಪೇರಾಗುತ್ತಿದ್ದರೆ ಯಾವ ಅಳತೆಯೂ ನಿಲ್ಲುವುದಿಲ್ಲ. ಆದ್ದರಿಂದ ಎಲ್ಲ ಗುಂಡಿ ಮುಚ್ಚಿ, ತಿದಿ ತುಂಬಿಸಿ, ಸಂಗ್ರಹದ ಹಲಗೆ ತಾನಾಗಿ ಕುಸಿಯಲು ಹಿಡಿಯುವ ಹೊತ್ತು ನೋಡಿದೆ. ಹತ್ತು ಸೆಕೆಂಡೂ ಹಿಡಿಯಲಿಲ್ಲ.

ಸೋರುವ ಜಾಗ ಹುಡುಕಲು ಊದುಬತ್ತಿಗಿಂತ ಒಳ್ಳೆಯ ಉಪಕರಣ ನನಗೆ ಗೊತ್ತಿಲ್ಲ. ಫ್ಯಾನು ನಿಲ್ಲಿಸಿ, ಕಿಟಕಿ ಮುಚ್ಚಿ, ಹೊಗೆಯ ಎಳೆಯನ್ನು ಅಂಚುಗಳ ಉದ್ದಕ್ಕೆ ಒಯ್ದರೆ ಅದು ಎಲ್ಲಿ ಬೆದರಿ ಸರಿಯುತ್ತದೆಯೋ ಅಲ್ಲೇ ತೂತು. ಮಡಿಕೆಯ ಸೀಳುಗಳು, ಎರಡು ಗುಂಡಿಗಳ ಕೆಳಗು, ಮತ್ತು ಒಂದು ಕವಾಟದ ಚರ್ಮ ಒಣಗಿ ಸುರುಳಿಯಾದ ಜಾಗ ಹೀಗೆಯೇ ಸಿಕ್ಕವು.

ಮಡಿಕೆಯ ಕೆಲಸದಲ್ಲಿ ಹೆಚ್ಚು ಹೊತ್ತು ಹೋದದ್ದು ಹಳೆಯ ಬಿಳಿ ಅಂಟು ತೆಗೆಯುವುದರಲ್ಲಿ. ಹಿಂದಿನವರು ಬಳಸುತ್ತಿದ್ದ ಪ್ರಾಣಿಮೂಲದ ಅಂಟು ಬಿಸಿ ಹಬೆಗೆ ಸುಲಭವಾಗಿ ಬಿಟ್ಟುಕೊಡುತ್ತದೆ, ಮುಂದೆ ರಿಪೇರಿ ಮಾಡುವವನ ಮೇಲೆ ದಯೆಯಿಟ್ಟ ಅಂಟು ಅದು. ಬಿಳಿ ಅಂಟಿಗೆ ಆ ಗುಣವಿಲ್ಲ. ಕೆರೆದು ಕೆರೆದು ತೆಗೆಯಬೇಕಾಯಿತು. ಆಮೇಲೆ ಮಡಿಕೆಯ ಮೂಲೆಗಳಿಗೆ ತೆಳುವಾದ ಕುರಿಚರ್ಮದ ಪಟ್ಟಿ, ಉದ್ದದ ಅಂಚಿಗೆ ಹತ್ತಿಬಟ್ಟೆ. ಕವಾಟಕ್ಕೆ ಹೊಸ ಚರ್ಮ, ಒರಟು ಬದಿ ಮರದ ಕಡೆಗೆ. ಗುಂಡಿಯ ಕೆಳಗಿನ ಹಲಗೆಯನ್ನು ಉಜ್ಜುಕಾಗದ ಅಂಟಿಸಿದ ಗಾಜಿನ ತುಂಡಿನಿಂದ ಸಮ ಮಾಡಿದೆ. ಗಾಜಿಗಿಂತ ಸಪಾಟಾದ ವಸ್ತು ಮನೆಯಲ್ಲಿ ಬೇರೆ ಸಿಗುವುದಿಲ್ಲ.

ಈಗ ಮುಚ್ಚಿದ ಪೆಟ್ಟಿಗೆ ಒಂದು ನಿಮಿಷದ ಹತ್ತಿರ ಗಾಳಿ ಹಿಡಿಯುತ್ತದೆ. ಮಳೆಗಾಲದಲ್ಲಿ ಇಷ್ಟು ಸಾಕು.

ರೀಡುಗಳ ಸ್ನಾನ

ಹಿತ್ತಾಳೆ ಎಂದೊಡನೆ ನಮ್ಮ ಕೈ ಹುಣಸೆಹುಳಿಯ ಕಡೆಗೆ ಹೋಗುತ್ತದೆ. ದೀಪಕ್ಕೆ ಸರಿ, ರೀಡಿಗೆ ಖಂಡಿತ ಬೇಡ. ಹುಳಿ ಕಿಲುಬಿನ ಜೊತೆ ಲೋಹವನ್ನೂ ತಿನ್ನುತ್ತದೆ, ರಿವೆಟ್ಟಿನ ಸಂದಿಯಲ್ಲಿ ಉಳಿದ ಹುಳಿ ತಿಂಗಳ ನಂತರವೂ ತಿನ್ನುತ್ತಲೇ ಇರುತ್ತದೆ. ನಾನು ಬಳಸಿದ್ದು ಸ್ಪಿರಿಟ್, ಮೆದು ಬ್ರಷ್, ಚೂಪು ಮಾಡಿದ ಬಿದಿರಿನ ಕಡ್ಡಿ. ನಿಧಾನದ ಕೆಲಸ.

ತೊಳೆಯುವ ಮೊದಲು ಪ್ರತಿ ರೀಡಿನ ಆವೃತ್ತಿ ಬರೆದಿಟ್ಟುಕೊಂಡಿದ್ದೆ. ತೊಳೆದ ಮೇಲೆ ಹೆಚ್ಚಿನವು ತುಸು ಏರಿದವು, ಅರ ಮುಟ್ಟಿಸುವ ಮೊದಲೇ. ಕಾರಣ ಸರಳ. ಒಂದೇ ಕಡೆ ಬಿಗಿದ ನಾಲಗೆಯಲ್ಲಿ ಹೆಚ್ಚು ಓಡಾಡುವುದು ತುದಿ. ಬುಡ ಬಾಗುತ್ತದೆ, ಆದರೆ ಓಡಾಡುವುದಿಲ್ಲ. ತುದಿಯ ಮೇಲೆ ಕೂತ ಕೊಳೆ ಹೊರೆಯಾಗಿ ಸ್ವರವನ್ನು ಇಳಿಸುತ್ತದೆ. ಶ್ರುತಿ ಮಾಡುವ ಕೌಶಲವೆಲ್ಲ ಇದೇ ತತ್ತ್ವದ ಮೇಲೆ ನಿಂತಿದೆ. ತುದಿಯಲ್ಲಿ ಕೆರೆದರೆ ಹೊರೆ ಇಳಿದು ಸ್ವರ ಏರುತ್ತದೆ. ಬುಡದಲ್ಲಿ ಕೆರೆದರೆ ಬಿಗುವು ಇಳಿದು ಸ್ವರವೂ ಇಳಿಯುತ್ತದೆ. ದಪ್ಪ ಒಂದೇ ಇದ್ದರೆ ಆವೃತ್ತಿ ಉದ್ದದ ವರ್ಗಕ್ಕೆ ವಿಲೋಮವಾಗಿರುತ್ತದೆ. ಅಂದರೆ ಒಂದು ಸ್ಥಾಯಿ ಮೇಲಿನ, ಎರಡು ಪಟ್ಟು ಆವೃತ್ತಿಯ ಷಡ್ಜದ ನಾಲಗೆ ಕೆಳಗಿನದರ ಅರ್ಧ ಉದ್ದ ಇರಬೇಕಿಲ್ಲ, ಶೇಕಡಾ 71ರಷ್ಟಿದ್ದರೆ ಸಾಕು. ಅರ್ಧ ಮಾಡಿದರೆ ಒಂದಲ್ಲ, ಎರಡು ಸ್ಥಾಯಿ ಮೇಲೆ ಹೋಗಿ ಕೂರುತ್ತದೆ.

ಕಪ್ಪು 5ರ ರೀಡು ಮಾತ್ರ ತೊಳೆದರೂ ಏರಲಿಲ್ಲ. ಕಪ್ಪು 2ರಲ್ಲಿ ಹಾಡುವವರಿಗೆ ಅದೇ ಪಂಚಮ, ಭಾಗವತರ ದೂರಿನ ಮೂಲವೂ ಅದೇ. ಭೂತಗನ್ನಡಿಯಲ್ಲಿ ನೋಡಿದರೆ ರಿವೆಟ್ಟಿನ ಪಕ್ಕದಲ್ಲಿ ಅಡ್ಡಕ್ಕೆ ಒಂದು ಬಿರುಕಿನ ಗೆರೆ. ಲೋಹ ದಣಿದಿದೆ. ಬಿರುಕು ಬಿಟ್ಟಲ್ಲಿ ಬಿಗುವು ಹೋಗಿ ಸ್ವರ ಇಳಿಯುತ್ತದೆ, ಬಿರುಕು ಬೆಳೆದಂತೆ ಇನ್ನೂ ಇಳಿಯುತ್ತದೆ, ಒಂದು ದಿನ ನಾಲಗೆ ತುಂಡಾಗಿ ಪೆಟ್ಟಿಗೆಯೊಳಗೆ ಬೀಳುತ್ತದೆ. ತುದಿ ಕೆರೆದು ಇದನ್ನು ಏರಿಸುವುದು ಸಾಯುತ್ತಿರುವ ರೀಡಿಗೆ ಬಣ್ಣ ಬಳಿಯುವುದಷ್ಟೇ. ಬದಲಿಸಿದೆ. ಗುಜರಾತಿನ ಪಾಲಿತಾಣಾ ಹಾರ್ಮೋನಿಯಂ ರೀಡಿಗೆ ಹೆಸರಾದ ಊರು. ಹಳೆಯ ಹಾರ್ಮೋನಿಯಂಗಳ ರೀಡು ಕೂಡಿಟ್ಟುಕೊಂಡ ಒಬ್ಬ ರಿಪೇರಿಯವರಿಂದ ಅಲ್ಲಿಯದೇ ಒಂದು ಸಿಕ್ಕಿತು. ಬೇಕಾದ ಸ್ವರಕ್ಕಿಂತ ತುಸು ಕೆಳಗಿನದನ್ನೇ ಆರಿಸಿಕೊಂಡೆ. ತುದಿಯಲ್ಲಿ ಕೆರೆದು ಮೇಲೇರಿಸುವುದು ಬುಡ ತೆಳುವಾಗಿಸಿ ಇಳಿಸುವುದಕ್ಕಿಂತ ಕ್ಷೇಮ. ಬುಡವೇ ದಣಿಯುವ ಜಾಗ ತಾನೇ.

ಕೆರೆಯುವಾಗ ನಾಲಗೆಯ ಕೆಳಗೆ ತೆಳು ಉಕ್ಕಿನ ಪಟ್ಟಿ ಇರಲಿ, ಇಲ್ಲದಿದ್ದರೆ ನಾಲಗೆ ಬಾಗುತ್ತದೆ. ಅರ ಯಾವಾಗಲೂ ಉದ್ದಕ್ಕೆ ಓಡಲಿ. ಅಡ್ಡ ಗೀರು ಬಿದ್ದರೆ ನಾಳಿನ ಬಿರುಕು ಅಲ್ಲಿಂದಲೇ ಶುರು. ಉಜ್ಜಿದ ಬಿಸಿ ಆರುವವರೆಗೆ ಅಳೆಯಬೇಡಿ. ಅಳತೆ ಪೆಟ್ಟಿಗೆಯೊಳಗೇ, ಹಾಡಿಗೆ ಊದುವ ಒತ್ತಡದಲ್ಲೇ ಆಗಬೇಕು; ಹೊರಗೆ ಬಾಯಲ್ಲಿ ಊದಿ ನೋಡಿದ ಅಂಕಿ ಒಳಗೆ ಹೋದಾಗ ಬದಲಾಗುತ್ತದೆ.

ಹಸಿರು ದೀಪವೂ ಭಾಗವತರ ಕಿವಿಯೂ

ಮೊದಲ ಸುತ್ತಿನ ಶ್ರುತಿಗೆ ಫೋನಿನ ಟ್ಯೂನರ್ ಆ್ಯಪ್ ಬಳಸಿದೆ. ಒರಟು ಕೆಲಸಕ್ಕೆ ಅದು ಚೆನ್ನ. ಎಲ್ಲ 13 ರೀಡುಗಳೂ ಹಸಿರು ತೋರಿಸಿದ ಮೇಲೆ ಭಾಗವತರನ್ನು ಕರೆದೆ. ಅವರು ಬಂದು ಕಪ್ಪು 2, ಕಪ್ಪು 5 ಎರಡೂ ತೆರೆದು, ತಿದಿ ಅದುಮಿ, ಕಣ್ಣು ಮುಚ್ಚಿ ಕೇಳಿದರು.

“ಇನ್ನೂ ಅಲುಗುತ್ತಿದೆ ಮಾರಾಯರೇ. ಪಂಚಮ ಏರಬೇಕು.”

“ಫೋನು ಎರಡೂ ಸರಿ ಎನ್ನುತ್ತಿದೆ ಭಾಗವತರೇ.”

“ಹಾಗಾದರೆ ಹಾಡುವುದಕ್ಕೂ ಅದಕ್ಕೇ ಹೇಳಿ.”

ಅವರು ಹೇಳಿದ್ದು ಸರಿ; ಲೆಕ್ಕ ಹಾಕಿದರೆ ಫೋನು ಹೇಳಿದ್ದೂ ಸುಳ್ಳಲ್ಲ. ಫೋನು ಒಂದೊಂದೇ ರೀಡನ್ನು ಒಂದು ಪಟ್ಟಿಗೆ ಹೋಲಿಸುತ್ತದೆ. ಭಾಗವತರು ಎರಡು ರೀಡುಗಳನ್ನು ಪರಸ್ಪರ ಹೋಲಿಸುತ್ತಿದ್ದರು. ಇವೆರಡೂ ಬೇರೆ ಬೇರೆ ಪರೀಕ್ಷೆಗಳು.

ಫೋನಿನ ಪಟ್ಟಿ ಸ್ಥಾಯಿಯನ್ನು 12 ಸಮಭಾಗ ಮಾಡಿದ್ದು. ಅದರಲ್ಲಿ ಕೆಳಗಿನ ಕಪ್ಪು 2 ಎಂದರೆ 155.56 ಹರ್ಟ್ಸ್, ಕಪ್ಪು 5 ಎಂದರೆ 233.08. ಕಿವಿ ಬಯಸುವ ಪಂಚಮ ಷಡ್ಜದ ನಿಖರ ಒಂದೂವರೆ ಪಟ್ಟು, ಅಂದರೆ 233.35 ಇರಬೇಕು. ವ್ಯತ್ಯಾಸ ಕಾಲು ಹರ್ಟ್ಸಿನಷ್ಟು. ಅರ್ಧಸ್ವರವನ್ನು 100 ಭಾಗ ಮಾಡಿದರೆ ಒಂದು ಭಾಗಕ್ಕೆ ಒಂದು ಸೆಂಟ್ ಎನ್ನುತ್ತಾರೆ. ಆ ಲೆಕ್ಕದಲ್ಲಿ ಇದು ಬರೀ ಎರಡು ಸೆಂಟ್. ಇದರ ಜೊತೆಗೆ, ನನ್ನ ಆ್ಯಪಿನಲ್ಲಿ 5 ಸೆಂಟಿನೊಳಗೆ ಬಂದದ್ದೆಲ್ಲ ಹಸಿರು. ಷಡ್ಜ 4 ಸೆಂಟ್ ಮೇಲೆ, ಪಂಚಮ 4 ಸೆಂಟ್ ಕೆಳಗೆ ಇದ್ದರೂ ಎರಡಕ್ಕೂ ಹಸಿರು ದೀಪ.

ಎರಡು ಸ್ವರಗಳ ಆವೃತ್ತಿ ಬಹಳ ಹತ್ತಿರವಿದ್ದಾಗ ಅವುಗಳ ಅಲೆಗಳು ಒಮ್ಮೆ ಹೆಜ್ಜೆ ಕೂಡಿ ದೊಡ್ಡದಾಗುತ್ತವೆ, ಮತ್ತೊಮ್ಮೆ ಹೆಜ್ಜೆ ತಪ್ಪಿ ಒಂದನ್ನೊಂದು ಅಳಿಸುತ್ತವೆ. ಸದ್ದು ಉಬ್ಬಿ ಇಳಿಯುತ್ತದೆ. ಸೆಕೆಂಡಿಗೆ ಎಷ್ಟು ಸಲ ಉಬ್ಬುತ್ತದೆ ಎಂದರೆ ಎರಡು ಆವೃತ್ತಿಗಳ ವ್ಯತ್ಯಾಸದಷ್ಟು. ಪಿಯುಸಿಯಲ್ಲಿ ಬೀಟ್ಸ್ ಎಂದು ಓದಿದ್ದು ಇದನ್ನೇ. ಇದು ಶಬ್ದದ ಸೊತ್ತು ಮಾತ್ರವಲ್ಲ. ಮಲ್ಪೆಯಲ್ಲಿ ನಾಲ್ಕಾರು ದೊಡ್ಡ ತೆರೆಗಳು ಒಟ್ಟಿಗೆ ಬಂದು, ಸ್ವಲ್ಪ ಹೊತ್ತು ಕಡಲು ತಣ್ಣಗಾಗಿ, ಮತ್ತೆ ದೊಡ್ಡ ತೆರೆಗಳು ಬರುವುದು ಕೂಡ ಹತ್ತಿರ ಹತ್ತಿರದ ಅವಧಿಯ ಅಲೆಗಳು ಕೂಡಿ ಕಳೆಯುವುದರಿಂದಲೇ.

ಆದರೆ ಇಲ್ಲೊಂದು ತೊಡಕಿದೆ. 155 ಮತ್ತು 233 ಹತ್ತಿರದ ಆವೃತ್ತಿಗಳೇ ಅಲ್ಲ. ಹಾಗಿದ್ದರೆ ಅಲುಗುತ್ತಿರುವುದು ಏನು?

ಮಾಸ್ತರರ ಶ್ರುತಿಕವೆಗಳು

ಇದಕ್ಕೆ ಉತ್ತರವನ್ನು ಕಿವಿಗೇ ಕೇಳಿಸಬೇಕೆಂದು ನೆರೆಯ ನಿವೃತ್ತ ವಿಜ್ಞಾನ ಮಾಸ್ತರರ ಬಳಿ ಹೋಗಿ ಟ್ಯೂನಿಂಗ್ ಫೋರ್ಕುಗಳ ಪೆಟ್ಟಿಗೆ ತಂದೆ. ಪ್ರೌಢಶಾಲೆ, ಕಾಲೇಜುಗಳ ಪ್ರಯೋಗಶಾಲೆಯಲ್ಲಿ ಇರುವಂಥದ್ದೇ ಎಂಟು ಶ್ರುತಿಕವೆಗಳು. ಮೇಲೆ ಕೊರೆದ ಅಂಕಿಗಳನ್ನು ನಾವೆಲ್ಲ ನೋಡಿದ್ದೇವೆ, ಆದರೆ ಯಾಕೆ ಇವೇ ಅಂಕಿ ಎಂದು ಕೇಳಿದವರು ಕಡಿಮೆ: 256, 288, 320, 341.3, 384, 426.6, 480, 512. ಮೊದಲನೆಯದರಿಂದ ಭಾಗಿಸಿ ನೋಡಿ. 384 ಎಂದರೆ ನಿಖರ ಒಂದೂವರೆ ಪಟ್ಟು, ಪಂಚಮ. 320 ಎಂದರೆ ಒಂದೂಕಾಲು ಪಟ್ಟು, ಅಂತರ ಗಾಂಧಾರ. 341.3 ಎಂದರೆ ನಾಲ್ಕು ಮೂರಾಂಶ, ಶುದ್ಧ ಮಧ್ಯಮ. ಫೋನಿನ ಪಟ್ಟಿಯಲ್ಲಿ ಇಲ್ಲದ ಶುದ್ಧ ಅನುಪಾತಗಳೆಲ್ಲ ಶಾಲೆಯ ಕಪಾಟಿನಲ್ಲಿ ಧೂಳು ತಿನ್ನುತ್ತ ಕೂತಿವೆ. 256 ಎಂಬುದು ಸಂಗೀತದ ಬಿಳಿ 1 ಅಲ್ಲ. ಈಗಿನ ಬಿಳಿ 1 ಸುಮಾರು 261.6. 256 ಎಂದರೆ 2ನ್ನು ಎಂಟು ಸಲ ಗುಣಿಸಿದ ಸಂಖ್ಯೆ, ಲೆಕ್ಕಕ್ಕೆ ಹಿತವೆಂದು ವಿಜ್ಞಾನದವರು ಇಟ್ಟುಕೊಂಡದ್ದು. ಹಾಗಾಗಿ ಇವುಗಳಿಂದ ಪೆಟ್ಟಿಗೆಯನ್ನು ನೇರವಾಗಿ ಶ್ರುತಿ ಮಾಡಲಾಗದು. ನನಗೆ ಬೇಕಾಗಿದ್ದದ್ದು ಬೇರೆ.

256 ಮತ್ತು 384ನ್ನು ಒಟ್ಟಿಗೆ ಬಾರಿಸಿದೆವು. ನುಣ್ಣನೆಯ ಷಡ್ಜ ಪಂಚಮ. ಮಾಸ್ತರರು 384ರ ಒಂದು ಕವಲಿಗೆ ಚಿಟಿಕೆ ಜೇನುಮೇಣ ಅಂಟಿಸಿದರು. ಹೊರೆ ಬಿದ್ದು ಅದರ ಆವೃತ್ತಿ ಇಳಿಯಿತು, ಪಂಚಮ ಕೆಟ್ಟಿತು. ಆದರೂ ಒಟ್ಟಿಗೆ ಬಾರಿಸಿದಾಗ ಅಲುಗಾಟ ಬಹುತೇಕ ಕೇಳಿಸಲೇ ಇಲ್ಲ! ಇಷ್ಟೇ ಕೆಟ್ಟ ಪಂಚಮ ಪೆಟ್ಟಿಗೆಯಲ್ಲಿ ಬಂದರೆ ಭಾಗವತರು ಎದ್ದು ಹೋಗುತ್ತಿದ್ದರು.

ಕಾರಣವೇನೆಂದರೆ ಶ್ರುತಿಕವೆಯ ನಾದ ಬಹುತೇಕ ಒಂಟಿ ಆವೃತ್ತಿಯದು. ರೀಡಿನದು ಹಾಗಲ್ಲ. ಗಾಳಿಯನ್ನು ಥಟ್ಟೆಂದು ಕತ್ತರಿಸುವ ಕ್ರಿಯೆಯಿಂದ ಮೂಲ ಆವೃತ್ತಿಯ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟಿನ ಮೇಲ್ಸ್ವರಗಳು ಸಾಲಾಗಿ ಹೊರಡುತ್ತವೆ. ಷಡ್ಜದ ಮೂರು ಪಟ್ಟಿನ ಮೇಲ್ಸ್ವರ 155.56ರ ಮೂರರಷ್ಟು, ಅಂದರೆ 466.7. ಪಂಚಮದ ಎರಡು ಪಟ್ಟಿನದು 233.08ರ ಎರಡರಷ್ಟು, 466.2. ಅಲುಗುತ್ತಿದ್ದದ್ದು ಇವೆರಡು. ಸಮಪಾಲಿನ ಪಟ್ಟಿಗೆ ಕೂದಲೆಳೆ ತಪ್ಪದೆ ಶ್ರುತಿ ಮಾಡಿದರೂ ಎರಡು ಸೆಕೆಂಡಿಗೊಂದು ಉಬ್ಬು ಉಳಿಯುತ್ತದೆ. ಒಂದು 4 ಸೆಂಟ್ ಮೇಲೆ, ಇನ್ನೊಂದು 4 ಸೆಂಟ್ ಕೆಳಗೆ ಇದ್ದರೆ 467.8 ಮತ್ತು 465.1, ಸೆಕೆಂಡಿಗೆ ಎರಡೂವರೆಗಿಂತ ಹೆಚ್ಚು ಉಬ್ಬು. ಭಾಗವತರ ‘ವಾಂವ್ ವಾಂವ್’ ಇದೇ.

ಸ್ವರಗಳು ಕೂಡುವುದು, ಕೂಡದಿರುವುದು ಮೇಲ್ಸ್ವರಗಳ ಈ ಬೀಟ್ಸಿನಿಂದ ಎಂದು 1863ರಲ್ಲಿ ವಿವರಿಸಿದವರು ಜರ್ಮನಿಯ ಹೆಲ್ಮ್‌ಹೋಲ್ಟ್ಸ್. ಉಬ್ಬುಗಳು ನಿಧಾನವಾಗಿದ್ದರೆ ತೂಗಾಟ, ಸೆಕೆಂಡಿಗೆ 30ರ ಸುತ್ತ ಹೋದರೆ ಕರ್ಕಶ. ಹಾಡುವವರ ಕಂಠದಲ್ಲೂ ಮೇಲ್ಸ್ವರಗಳ ಸಾಲಿದೆ. ರೀಡಿನ ಸಾಲು ದಟ್ಟವಾಗಿದ್ದಷ್ಟೂ ಅವರಿಗೆ ತಮ್ಮ ದನಿ ಸರಿದದ್ದು ಬೇಗ ತಿಳಿಯುತ್ತದೆ. ಭಾಗವತರಿಗೆ ರೀಡೇ ಬೇಕೆನ್ನುವುದಕ್ಕೆ ನಾನು ಕಂಡ ಕಾರಣ ಇದು. ಒಳ್ಳೆಯ ಇಲೆಕ್ಟ್ರಾನಿಕ್ ಪೆಟ್ಟಿಗೆಗಳಲ್ಲೂ ಮೇಲ್ಸ್ವರ ಕೂಡಿಸಿರುತ್ತಾರೆ. ಸಂಘದವರ ಬಳಿ ಇರುವ ಅಂಗೈಯಗಲದ ಸ್ಪೀಕರಿನಿಂದ ಅವು ಮೂಗಿನಲ್ಲಿ ಹಾಡಿದಂತೆ ಬರುತ್ತವೆ.

ಮೇಣ, ಅರ, ಕಿವಿ

ಎರಡನೆಯ ಸುತ್ತಿಗೆ ಫೋನನ್ನು ಬದಿಗಿಟ್ಟೆ. ಬೀಟ್ಸ್ ಎಣಿಸುವುದರಲ್ಲಿ ಒಂದೇ ಕೊರತೆ, ಯಾವ ಸ್ವರ ಮೇಲಿದೆ ಎಂದು ಅದು ಹೇಳುವುದಿಲ್ಲ. ಭಾಗವತರಂಥ ಕಿವಿ ಇಲ್ಲದವರಿಗೆ ಮೇಣವೇ ಗತಿ. ಪಂಚಮದ ತುದಿಗೆ ಸಾಸಿವೆಗಿಂತ ಸಣ್ಣ ಮೇಣದ ಚೂರು ಅಂಟಿಸಿದಾಗ ಉಬ್ಬುಗಳು ನಿಧಾನವಾದರೆ ಪಂಚಮ ಮೇಲಿತ್ತು ಎಂದರ್ಥ. ವೇಗವಾದರೆ ಮೊದಲೇ ಕೆಳಗಿತ್ತು. ಪರೀಕ್ಷೆಯಲ್ಲಿ ‘ಒಂದು ಕವೆಗೆ ಮೇಣ ಹಚ್ಚಿದಾಗ ಬೀಟ್ಸ್ ಕಡಿಮೆಯಾದರೆ ಅದರ ಆವೃತ್ತಿ ಎಷ್ಟು’ ಎಂಬ ಲೆಕ್ಕ ಬರುತ್ತಿತ್ತಲ್ಲ, ಅದು ಇಷ್ಟು ಉಪಕಾರಿ ಎಂದು ಆಗ ಯಾರೂ ಹೇಳಿಕೊಡಲಿಲ್ಲ.

ಮೇಣ ಹಚ್ಚಿದಾಗ ವೇಗ ಏರಿತು. ಭಾಗವತರ ಮಾತು ಸರಿಯಿತ್ತು. ಮೇಣ ಒರೆಸಿ ತುದಿಯಲ್ಲಿ ಅರವನ್ನು ಮೆಲ್ಲಗೆ ಆಡಿಸುವುದು, ಆರಲು ಬಿಡುವುದು, ಹಲಗೆ ಮುಚ್ಚುವುದು, ತಿದಿ ತುಂಬಿ ಕೇಳುವುದು. ಉಬ್ಬು ಸೆಕೆಂಡಿಗೊಂದಕ್ಕೆ ಬಂತು, ಮೂರು ಸೆಕೆಂಡಿಗೊಂದಾಯಿತು, ಆಮೇಲೆ ಎಣಿಸುವುದೇ ಕಷ್ಟವಾಗುವಷ್ಟು ನಿಧಾನ. 466 ಹರ್ಟ್ಸಿನಲ್ಲಿ ಹತ್ತು ಸೆಕೆಂಡಿಗೊಂದು ಉಬ್ಬು ಎಂದರೆ 0.1 ಹರ್ಟ್ಸ್ ವ್ಯತ್ಯಾಸ, ಅರ್ಧ ಸೆಂಟಿಗೂ ಕಡಿಮೆ. ನನ್ನ ಆ್ಯಪಿನ ಹಸಿರಿಗಿಂತ ಹತ್ತು ಪಟ್ಟು ಸೂಕ್ಷ್ಮ, ಬ್ಯಾಟರಿಯ ಖರ್ಚಿಲ್ಲ.

ಮುಂದಿನ ಪ್ರಶ್ನೆ ಉಳಿದ ರೀಡುಗಳದ್ದು. ಎಲ್ಲ ಷಡ್ಜಗಳಿಗೂ ಶುದ್ಧ ಪಂಚಮ ಕೊಡಲು ಸಾಧ್ಯವಿಲ್ಲ. ಒಂದೂವರೆ ಪಟ್ಟನ್ನು 12 ಸಲ ಏರಿದರೆ 129.75 ಪಟ್ಟಾಗುತ್ತದೆ, ಏಳು ಸ್ಥಾಯಿ ಏರಿದರೆ 128 ಪಟ್ಟು. ಎಷ್ಟು ಉಜ್ಜಿದರೂ ಈ ಅಂತರ ಎಲ್ಲೋ ಒಂದು ಕಡೆ ಉಳಿಯಲೇಬೇಕು. ಅದನ್ನು ಎಲ್ಲ ಕಡೆ ಸಮವಾಗಿ ಹರಡುವುದೇ ಸಮಪಾಲಿನ ಪಟ್ಟಿ. 1840ರಲ್ಲಿ ಪ್ಯಾರಿಸಿನ ದಬೇನ್ ಹಾರ್ಮೋನಿಯಂಗೆ ಪೇಟೆಂಟ್ ಪಡೆದಾಗಿನಿಂದ ಈ ತಕರಾರು ಬೆನ್ನು ಬಿಟ್ಟಿಲ್ಲ. ನಮ್ಮಲ್ಲಿ 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂಗೆ ಬಾಗಿಲು ಮುಚ್ಚಿತ್ತು, 1971ರಲ್ಲಿ ನಿಷೇಧ ಸಡಿಲವಾಯಿತು. ಗಮಕ ಬಾರದು ಎಂಬ ಆಕ್ಷೇಪದ ಜೊತೆಗೆ ಶುದ್ಧ ಸ್ವರವಿಲ್ಲ ಎಂಬುದೂ ಇತ್ತು. ಹಾಡಿನ ಬೆನ್ನಿಗೆ ನುಡಿಸುವ ವಾದ್ಯದ ಮೇಲಿನ ಆಕ್ಷೇಪ ಅದು. ಬರೀ ಷಡ್ಜ ಪಂಚಮ ಹಿಡಿದುಕೊಂಡು ಕೂರುವ ಪೆಟ್ಟಿಗೆಗೆ ಪರಿಹಾರ ಸುಲಭ.

ಸಂಘದಲ್ಲಿ ಹಾಡುವವರು ಇಬ್ಬರು, ಒಬ್ಬರದು ಕಪ್ಪು 2, ಇನ್ನೊಬ್ಬರದು ಬಿಳಿ 4. ಹಾಗಾಗಿ ಪೆಟ್ಟಿಗೆ ಲೋಕಕ್ಕೆಲ್ಲ ಹೊಂದುವುದು ಬೇಡ, ಇವರಿಬ್ಬರಿಗೆ ಹೊಂದಿದರೆ ಸಾಕು ಎಂದು ತೀರ್ಮಾನಿಸಿದೆ. ಕಪ್ಪು 2ಕ್ಕೆ ಕಪ್ಪು 5 ಆಯಿತು. ಬಿಳಿ 4ರ ಪಂಚಮ ಮೇಲಿನ ಬಿಳಿ 1. ಅದನ್ನು ಏರಿಸಿದರೆ ಕೆಳಗಿನ ಬಿಳಿ 1ರ ಜೊತೆ ಸ್ಥಾಯಿ ಕೆಡುತ್ತದೆ. ಆದ್ದರಿಂದ ಬಿಳಿ 4ನ್ನೇ ಬುಡದ ಹತ್ತಿರ ಒಂದಿಷ್ಟು ಕೆರೆದು 174.61ರಿಂದ 174.42ಕ್ಕೆ ಇಳಿಸಿದೆ. ಮೇಲಿನ ಬಿಳಿ 1 ಅಲುಗದೆ ಉಳಿಯಿತು, ಎರಡೂ ಜೋಡಿ ಕೂಡಿದವು. ಉಳಿದ ರೀಡುಗಳನ್ನು ಫೋನಿನ ಹಸಿರಿಗೆ ಬಿಟ್ಟಿದ್ದೇನೆ. ಅತಿಥಿ ಭಾಗವತರು ಬಿಳಿ 2ರಲ್ಲಿ ಹಾಡಿದರೆ ನಿಧಾನದ ತೂಗಾಟ ಕೇಳುತ್ತದೆ. ಬೇಡವೆನ್ನಿಸಿದರೆ ಅವರು ಪಂಚಮವನ್ನು ಮುಚ್ಚಬಹುದು.

ಮದ್ದಳೆಯವರ ಸರದಿ

ಪೆಟ್ಟಿಗೆ ಒಯ್ಯಲು ಬಂದಾಗ ಮದ್ದಳೆಗಾರರೂ ಜೊತೆಗಿದ್ದರು. ತಿದಿ ಅದುಮುತ್ತಿದ್ದಂತೆ ಅವರು ಮದ್ದಳೆಯ ಬಲದ ಮುಚ್ಚಿಗೆಯನ್ನು ಷಡ್ಜಕ್ಕೆ ತಂದರು. ಚರ್ಮದ ವಾದ್ಯ ಶ್ರುತಿಗೆ ಕೂಡುವುದೇ ವಿಚಿತ್ರ. ಬರಿಯ ದುಂಡು ಚರ್ಮದ ಕಂಪನಗಳ ಅನುಪಾತ 1, 1.59, 2.14, 2.30 ಎಂದು ಅಂಕುಡೊಂಕಾಗಿ ಹೋಗುತ್ತದೆ. ಅದಕ್ಕೆ ಸ್ಪಷ್ಟ ಸ್ವರ ಬರುವುದಿಲ್ಲ. ನಡುವೆ ಕರ್ಣ ಎಂಬ ಕಪ್ಪು ಲೇಪ ಹಾಕಿ ಹೊರೆ ಕೊಟ್ಟಾಗ ಅವು 1, 2, 3, 4ರ ಸಾಲಿಗೆ ಸರಿದು ನಿಲ್ಲುತ್ತವೆ. ಮೃದಂಗ, ತಬಲಾಗಳ ಈ ಗುಟ್ಟನ್ನು ಸಿ. ವಿ. ರಾಮನ್ ಮತ್ತು ಶಿವಕಾಳಿ ಕುಮಾರ್ 1920ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ರೀಡಿನ ಮೇಲ್ಸ್ವರಗಳ ಜೊತೆ ಮದ್ದಳೆಯ ಮೇಲ್ಸ್ವರಗಳು ಸಾಲುಗೂಡುವುದು ಈ ಕರ್ಣದ ಹೊರೆಯಿಂದ. ರೀಡಿನ ತುದಿಯ ಮೇಣ, ಚರ್ಮದ ನಡುವಿನ ಕರ್ಣ: ಎಲ್ಲಿ ಎಷ್ಟು ಹೊರೆ ಇಡಬೇಕು ಎಂಬ ವಿದ್ಯೆಯೇ ಎರಡರಲ್ಲೂ.

ಪೆಟ್ಟಿಗೆಯ ಜೊತೆ ಎರಡು ಸೂಚನೆ ಕೊಟ್ಟು ಕಳುಹಿಸಿದ್ದೇನೆ. ಮಳೆಗಾಲ ಮುಗಿಯುವವರೆಗೆ ಸಿಲಿಕಾ ಜೆಲ್ ಚೀಲದ ಜೊತೆ ಮುಚ್ಚಿದ ಡಬ್ಬದಲ್ಲಿಡಬೇಕು, ಆ ಚೀಲವನ್ನು ಆಗಾಗ ಬಿಸಿ ಮಾಡಿ ಒಣಗಿಸಬೇಕು. ಮತ್ತೆ, ಹೊಸದಾಗಿ ಅರ ಆಡಿದ ರೀಡು ನಾಲ್ಕಾರು ಕೂಟ ನುಡಿದ ಮೇಲೆ ತುಸು ಸರಿಯಬಹುದು. ಕಪ್ಪು 5ನ್ನು ಆಗ ಇನ್ನೊಮ್ಮೆ ತರಬೇಕು. ಬಿಳಿ 3ರ ರೀಡು ಇನ್ನೂ ಒಂದು ಗಳಿಗೆ ತಡಮಾಡಿ ನುಡಿಯುತ್ತದೆ. ತುದಿ ತಟ್ಟೆಗೆ ತೀರ ಹತ್ತಿರವಿರುವುದೇ ಕಾರಣ, ಮೆಲ್ಲಗೆ ಎತ್ತಿದರೆ ಸರಿಹೋಗುತ್ತದೆ. ಆ ಸ್ವರದಲ್ಲಿ ಸಂಘದ ಯಾರೂ ಹಾಡುವುದಿಲ್ಲವಾದ್ದರಿಂದ ಅದನ್ನು ಕಪ್ಪು 5ರ ಜೊತೆಗೇ ನೋಡಿಕೊಳ್ಳುವುದೆಂದು ಬಿಟ್ಟಿದ್ದೇನೆ.